ಡಿಸ್ಕು ಹೇಳುವ ಸುಳ್ಳು, ತಾಳೆ ನೋಡುವ ಲೆಕ್ಕ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲೊಂದು ಸಣ್ಣ ದುರಂತ ನಡೆಯಿತು. ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗ ಹಳೆಯ ಫೋಟೊಗಳನ್ನೆಲ್ಲ ಸೇರಿಸಿ ಆಲ್ಬಂ ಮಾಡುತ್ತೇನೆಂದು ಕಂಪ್ಯೂಟರ್ ಮುಂದೆ ಕೂತ. 2009ರಲ್ಲಿ ನಾನೇ ಸ್ಕ್ಯಾನ್ ಮಾಡಿ ಇಟ್ಟಿದ್ದ ಅಜ್ಜಿಯ ಫೋಟೊ ತೆರೆದರೆ, ಹಣೆಯಿಂದ ಮೂಗಿನವರೆಗೆ ಅಜ್ಜಿ. ಅಲ್ಲಿಂದ ಕೆಳಗೆ ಬರೀ ಬೂದಿ ಬಣ್ಣ. ಒಂದೇ ಪ್ರತಿ ಇಟ್ಟುಕೊಂಡು ಕೂರುವಷ್ಟು ದಡ್ಡ ನಾನಲ್ಲ. ಬೇರೆ ಎರಡು ಡಿಸ್ಕುಗಳಲ್ಲೂ ಪ್ರತಿಗಳಿದ್ದವು. ತೆಗೆದು ನೋಡಿದೆವು. ಅಲ್ಲೂ ಅಜ್ಜಿಗೆ ಮೂಗಿನಿಂದ ಕೆಳಗೆ ಮುಖವಿಲ್ಲ. ಮೂರೂ ಕಡೆ ಕಡತದ ಮೇಲೆ ಅದೇ 2009ರ ತಾರೀಖು. ಅಂದರೆ ಕಂಪ್ಯೂಟರಿನ ಪ್ರಕಾರ ಆ ಕಡತವನ್ನು ಅಂದಿನಿಂದ ಯಾರೂ ಮುಟ್ಟಿಲ್ಲ, ಏನೂ ಬದಲಾಗಿಲ್ಲ!

ಆದದ್ದು ಇಷ್ಟು. ಯಾವಾಗಲೋ ಮೊದಲ ಡಿಸ್ಕಿನಲ್ಲಿ ಒಂದಿಷ್ಟು ಅಂಕಿಗಳು ಅದಲುಬದಲಾದವು. ಡಿಸ್ಕು ಆ ವಿಷಯ ಯಾರಿಗೂ ಹೇಳಲಿಲ್ಲ. ಮುಂದೆ ನಾನು ಹೊಸ ಡಿಸ್ಕು ಕೊಂಡಾಗ ಕೆಟ್ಟ ಕಡತವನ್ನೇ ಶ್ರದ್ಧೆಯಿಂದ ನಕಲು ಮಾಡಿದೆ. ಅದರ ನಕಲನ್ನು ಮತ್ತೊಂದರ ಮೇಲೆ ಹಾಕಿದೆ. ಜೋಪಾನ ಮಾಡುತ್ತಿದ್ದೇನೆ ಎಂದುಕೊಂಡು ಒಳ್ಳೆಯ ಪ್ರತಿಗಳನ್ನು ಒಂದೊಂದಾಗಿ ಅಳಿಸಿಹಾಕಿದವನು ನಾನೇ.

ಡಿಸ್ಕು ಕೆಡುವುದು ಎಲ್ಲರಿಗೂ ಗೊತ್ತು. ಕರಕರ ಸದ್ದು ಮಾಡಿ ಒಂದು ದಿನ ನಿಂತೇ ಹೋಗುತ್ತದೆ. ಅದು ಪ್ರಾಮಾಣಿಕ ಸಾವು. ‘ಈ ಭಾಗ ನನ್ನಿಂದ ಓದಲಾಗುತ್ತಿಲ್ಲ’ ಎಂದು ತಪ್ಪೊಪ್ಪಿಕೊಳ್ಳುವ ಡಿಸ್ಕೂ ಪ್ರಾಮಾಣಿಕವೇ. ಕಷ್ಟವಿರುವುದು ಮೂರನೆಯ ಬಗೆಯದರ ಜೊತೆ. ಕೇಳಿದ್ದನ್ನು ಕೊಡುತ್ತದೆ, ತಕರಾರಿಲ್ಲದೆ ಕೊಡುತ್ತದೆ, ಆದರೆ ಕೊಟ್ಟದ್ದು ನಾವು ಇಟ್ಟದ್ದಲ್ಲ. ಕಂಪ್ಯೂಟರ್ ಮಂದಿ ಇದಕ್ಕೆ ‘ಸದ್ದಿಲ್ಲದ ಕೆಡುಕು’ ಎಂಬರ್ಥದ ಹೆಸರಿಟ್ಟಿದ್ದಾರೆ. ನನ್ನ ಅಜ್ಜಿಯ ಫೋಟೊ ಇರಲಿ. ಬ್ಯಾಂಕಿನ ಖಾತೆ, ಆಸ್ಪತ್ರೆಯ ಸ್ಕ್ಯಾನು, ನಿಮ್ಮ ಮಗಳ ಪರೀಕ್ಷೆಯ ಅಂಕ ಇವೆಲ್ಲ ಇಂದು ಯಾವುದೋ ಡಿಸ್ಕಿನ ಮೇಲೆಯೇ ಕೂತಿವೆ. ಅಲ್ಲಿ ಇಂಥದ್ದಾದರೆ?

ಒಂದೇ ಒಂದು ಬಿಟ್ ತಿರುಗಿಬಿದ್ದರೆ ಏನಾಗಬಹುದು ಎಂಬುದಕ್ಕೆ ಬೆಲ್ಜಿಯಂ ದೇಶದ ಕತೆಯೊಂದಿದೆ. 2003ರ ಮೇ 18ರಂದು ಅಲ್ಲಿ ಚುನಾವಣೆ. ಬ್ರಸೆಲ್ಸ್ ಪಕ್ಕದ ಸ್ಕಾರ್‌ಬೀಕ್ ಎಂಬಲ್ಲಿ ಒಬ್ಬ ಅಭ್ಯರ್ಥಿಗೆ ಲೆಕ್ಕದ ಪ್ರಕಾರ ಸಾಧ್ಯವೇ ಇರದಷ್ಟು ಮತ ಬಂದಿರುವುದಾಗಿ ಯಂತ್ರ ತೋರಿಸಿತು. ಅಲ್ಲಿ ಮತದಾರರ ಆಯ್ಕೆ ಕಾಂತಪಟ್ಟಿಯಿರುವ ಕಾರ್ಡುಗಳ ಮೇಲೂ ದಾಖಲಾಗುತ್ತಿತ್ತು, ಪುಣ್ಯಕ್ಕೆ. ಅವನ್ನೆಲ್ಲ ಮತ್ತೆ ಎಣಿಸಿದಾಗ ಸಿಕ್ಕ ವ್ಯತ್ಯಾಸ ಸರಿಯಾಗಿ 4096. ಗಣಿತದ ಮೇಷ್ಟ್ರುಗಳಿಗೆ ಈ ಸಂಖ್ಯೆ ಕಂಡೊಡನೆ ಕಿವಿ ನೆಟ್ಟಗಾಗುತ್ತದೆ. ಎರಡನ್ನು ಎರಡರಿಂದ ಗುಣಿಸುತ್ತಾ ಹೋಗಿ, ಹನ್ನೆರಡು ಎರಡುಗಳ ಗುಣಲಬ್ಧವೇ 4096. ಕಂಪ್ಯೂಟರ್ ಸಂಖ್ಯೆಗಳನ್ನು ಬರೆಯುವುದು ಸೊನ್ನೆ ಮತ್ತು ಒಂದುಗಳಲ್ಲಿ. ಹದಿಮೂರನೆಯ ಮನೆಯಲ್ಲಿದ್ದ ಸೊನ್ನೆ ಒಂದಾದರೆ ಸಂಖ್ಯೆ 4096ರಷ್ಟು ಹಿಗ್ಗುತ್ತದೆ. ಬಾಹ್ಯಾಕಾಶದಿಂದ ಬಂದ ವಿಶ್ವಕಿರಣದ ಕಣವೊಂದು ತಾಗಿರಬಹುದು ಎಂಬ ಊಹೆ ಜನಜನಿತವಾಯಿತು. ಕಣವನ್ನು ಹಿಡಿದು ಸಾಕ್ಷಿ ಹೇಳಿಸಲು ಆಗುವುದಿಲ್ಲವಲ್ಲ, ಹಾಗಾಗಿ ಅದು ಊಹೆಯೇ. ಆದರೆ ತಪ್ಪು ಸಿಕ್ಕಿಬಿದ್ದದ್ದು ಅದು ಅಸಾಧ್ಯವಾಗಿ ಕಂಡದ್ದರಿಂದ ಮಾತ್ರ. ಹದಿಮೂರನೆಯದರ ಬದಲು ಮೂರನೆಯ ಮನೆಯ ಸೊನ್ನೆ ಒಂದಾಗಿದ್ದರೆ ಹೆಚ್ಚಾಗುತ್ತಿದ್ದದ್ದು ಬರೀ ನಾಲ್ಕು ಮತ. ಯಾರು ಗಮನಿಸುತ್ತಿದ್ದರು?

ಡಿಸ್ಕಿನೊಳಗೆ ತಪ್ಪು ನುಸುಳಲು ವಿಶ್ವಕಿರಣವೇ ಬರಬೇಕಿಲ್ಲ. ತಿರುಗುವ ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುವ ಓದು-ತಲೆ, ಒಂದಕ್ಕೊಂದು ಒತ್ತಿಕೊಂಡಿರುವ ಕಾಂತೀಯ ಚುಕ್ಕೆಗಳು, ಸಡಿಲವಾದ ಕೇಬಲು, ಮಧ್ಯದ ಮೆಮೊರಿ ಚಿಪ್ಪು, ಇವೆಲ್ಲಕ್ಕಿಂತ ಮಿಗಿಲಾಗಿ ಡಿಸ್ಕಿನೊಳಗೇ ಇರುವ ಪುಟ್ಟ ಕಂಪ್ಯೂಟರಿನ ತಂತ್ರಾಂಶದಲ್ಲಿ ಅಡಗಿದ ದೋಷ. ಹೌದು, ಇಂದಿನ ಪ್ರತಿ ಡಿಸ್ಕಿನೊಳಗೂ ಒಂದು ಕಂಪ್ಯೂಟರಿದೆ. ಲಕ್ಷಾಂತರ ಸಾಲಿನ ಆದೇಶಗಳನ್ನು ಬರೆದವರು ಮನುಷ್ಯರು. ತಪ್ಪಿಲ್ಲದಿರುತ್ತದೆಯೇ?

ಡಿಸ್ಕು ತಯಾರಿಸುವವರು ಕಣ್ಣು ಮುಚ್ಚಿ ಕೂತಿಲ್ಲ ಅನ್ನಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರಿಗೆ 1940ರ ದಶಕದ ಕೊನೆಯಲ್ಲಿ ವಾರದ ಕೊನೆಯ ಎರಡು ದಿನ ಮಾತ್ರ ರಿಲೇ ಕಂಪ್ಯೂಟರ್ ಸಿಗುತ್ತಿತ್ತು. ಯಾರೂ ಕಾಯದ ಆ ಹೊತ್ತಿನಲ್ಲಿ ಯಂತ್ರ ತಪ್ಪು ಕಂಡರೆ ಕೆಲಸವನ್ನೇ ಕೈಬಿಟ್ಟು ಮುಂದಿನದಕ್ಕೆ ಹೋಗಿಬಿಡುತ್ತಿತ್ತು. ಸೋಮವಾರ ಬಂದು ನೋಡಿದರೆ ಉತ್ತರವಿಲ್ಲ. ತಪ್ಪಾಗಿದೆ ಎಂದು ತಿಳಿಯುವ ಯಂತ್ರಕ್ಕೆ ಎಲ್ಲಿ ತಪ್ಪಾಗಿದೆ ಎಂದೂ ಏಕೆ ತಿಳಿಯಬಾರದು ಎಂದು ರೇಗಿಕೊಂಡೇ ಅವರು 1950ರಲ್ಲಿ ತಪ್ಪು ತಿದ್ದುವ ಸಂಕೇತವನ್ನು ಪ್ರಕಟಿಸಿದರು. ಅದರ ಮೊಮ್ಮಕ್ಕಳು ಇಂದು ಪ್ರತಿ ಡಿಸ್ಕಿನೊಳಗೂ ಇದ್ದು ಕ್ಷಣಕ್ಷಣವೂ ಸಣ್ಣಪುಟ್ಟ ತಪ್ಪುಗಳನ್ನು ತಿದ್ದುತ್ತಲೇ ಇರುತ್ತಾರೆ. ಆದರೆ ಅವರ ಕಾವಲು ತಟ್ಟೆಯ ಮೇಲಿನ ಚುಕ್ಕೆಗಳಿಗಷ್ಟೇ. ಕೇಬಲಿನಲ್ಲೇ ಕೆಟ್ಟು ಬಂದ ಮಾಹಿತಿಯನ್ನು ‘ಇದೇ ಸರಿ’ ಎಂದು ನಂಬಿ ಅವರು ಕಾಯುತ್ತಾರೆ. ಕೆಟ್ಟ ಅಕ್ಕಿಯನ್ನು ಒಳ್ಳೆಯ ಕಣಜದಲ್ಲಿ ತುಂಬಿಟ್ಟ ಹಾಗೆ.

ಇಲ್ಲಿ ಬೇಕಾಗುವುದು ಚೆಕ್‌ಸಮ್. ‘ತಾಳೆಮೊತ್ತ’ ಎನ್ನೋಣ. ಹೆಸರು ಹೊಸದಾದರೂ ಸಂಗತಿ ನಮಗೆ ಹಳೆಯದು. ಅಂಗಡಿಯ ಚೀಟಿಯಲ್ಲಿ ಸಾಮಾನುಗಳ ಕೆಳಗೆ ಗೆರೆ ಎಳೆದು ಬರೆಯುವ ಮೊತ್ತ, ಅಂಕಪಟ್ಟಿಯಲ್ಲಿ ಅಂಕಿಯ ಪಕ್ಕದಲ್ಲೇ ‘ಅಕ್ಷರದಲ್ಲಿ’ ಎಂದು ಬರೆಯುವ ಪದ್ಧತಿ, ಇವೆಲ್ಲ ಅದರ ಬಂಧುಗಳೇ. ಹತ್ತನೆಯ ಶತಮಾನದ ಎರಡನೆಯ ಆರ್ಯಭಟನ ‘ಮಹಾಸಿದ್ಧಾಂತ’ದಲ್ಲಿ ಒಂಬತ್ತನ್ನು ಕಳೆದು ಲೆಕ್ಕ ತಾಳೆ ನೋಡುವ ಉಪಾಯವಿದೆ. ಹಿಂದಿನ ತಲೆಮಾರಿನ ಮೇಷ್ಟ್ರುಗಳು ಶಾಲೆಯಲ್ಲಿ ಇದನ್ನು ಕಲಿಸುತ್ತಿದ್ದರು, ತಂದೆತಾಯಿಯರಿಗೆ ನೆನಪಿರಬಹುದು. 347ನ್ನು 28ರಿಂದ ಗುಣಿಸಿದರೆ 9716. ಸರಿಯೇ? 347ರ ಅಂಕಿಗಳನ್ನು ಕೂಡಿ: 14, ಮತ್ತೆ ಕೂಡಿದರೆ 5. 28ರದ್ದು 10, ಅಂದರೆ 1. ಐದೊಂದ್ಲ ಐದು. ಉತ್ತರದ ಅಂಕಿಗಳನ್ನು ಕೂಡಿದರೆ 23, ಅದೂ 5. ತಾಳೆಯಾಯಿತು. ಹುಡುಗ 9816 ಎಂದು ಬರೆದಿದ್ದರೆ 6 ಬರುತ್ತಿತ್ತು, ಕಿವಿ ಹಿಂಡಿಸಿಕೊಳ್ಳುತ್ತಿದ್ದ.

ಆದರೆ ಅದೇ ಹುಡುಗ 9716ನ್ನು 9761 ಎಂದು ಬರೆದರೆ? ಕೂಡಿದರೆ ಮತ್ತೆ 23, ಮತ್ತೆ 5. ತಪ್ಪು ಸಲೀಸಾಗಿ ಪಾರು! ಅಂಕಿಗಳು ಜಾಗ ಬದಲಿಸಿಕೊಂಡರೆ ಮೊತ್ತಕ್ಕೆ ಗೊತ್ತೇ ಆಗುವುದಿಲ್ಲ. ಇದು ಬರಿಯ ಮೊತ್ತದ ದೊಡ್ಡ ದೌರ್ಬಲ್ಯ.

ಇದಕ್ಕೆ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಜಾನ್ ಫ್ಲೆಚರ್ ಕಂಡುಕೊಂಡ ಪರಿಹಾರ ಎಷ್ಟು ಸರಳವೆಂದರೆ ಏಳನೇ ತರಗತಿಯ ಮಕ್ಕಳೂ ಮಾಡಿ ನೋಡಬಹುದು. ಒಂದು ಮೊತ್ತದ ಬದಲು ಎರಡು ಮೊತ್ತ ಇಡಿ. ಮೊದಲನೆಯದು ಮಾಮೂಲಿ. ಎರಡನೆಯದು ಪ್ರತಿ ಹೆಜ್ಜೆಯಲ್ಲೂ ಬರುವ ಮೊತ್ತಗಳ ಮೊತ್ತ. ಕನ್ನಡ 72, ಗಣಿತ 85, ವಿಜ್ಞಾನ 64 ಎಂದಿಟ್ಟುಕೊಳ್ಳಿ. ಮೊತ್ತ 221. ಹೆಜ್ಜೆಯ ಮೊತ್ತಗಳು 72, 157, 221. ಇವನ್ನು ಕೂಡಿದರೆ 450. ಈಗ ಗುಮಾಸ್ತರ ಕಣ್ತಪ್ಪಿನಿಂದ ಕನ್ನಡದ ಅಂಕ ಗಣಿತಕ್ಕೂ ಗಣಿತದ್ದು ಕನ್ನಡಕ್ಕೂ ಹೋಯಿತು ಎನ್ನಿ. ಮೊತ್ತ ಅದೇ 221, ಯಾರಿಗೂ ಅನುಮಾನವಿಲ್ಲ. ಆದರೆ ಹೆಜ್ಜೆಯ ಮೊತ್ತಗಳು 85, 157, 221, ಕೂಡಿದರೆ 463. ಸಿಕ್ಕಿಬಿದ್ದಿತು. ಮೊದಲು ಬಂದ ಅಂಕಿ ಹೆಚ್ಚು ಸಲ, ಕೊನೆಗೆ ಬಂದದ್ದು ಒಂದೇ ಸಲ ಎಣಿಕೆಗೆ ಸೇರುವುದರಿಂದ ಜಾಗ ಬದಲಾದದ್ದು ಎರಡನೆಯ ಮೊತ್ತಕ್ಕೆ ತಿಳಿಯುತ್ತದೆ. ಫ್ಲೆಚರ್ ಇದನ್ನು 1982ರಲ್ಲಿ ಪ್ರಕಟಿಸಿದರು. ತಂತಿಯಲ್ಲಿ ಸಾಗುವ ಮಾಹಿತಿಗಾಗಿ ಮಾಡಿದ್ದು; ಇವತ್ತಿಗೂ ದೊಡ್ಡ ದೊಡ್ಡ ಡಿಸ್ಕು ವ್ಯವಸ್ಥೆಗಳಲ್ಲಿ ದುಡಿಯುತ್ತಿದೆ.

ಇನ್ನೊಂದು ದಾರಿ ಕೂಡುವುದಲ್ಲ, ಭಾಗಿಸುವುದು. ವೆಸ್ಲಿ ಪೀಟರ್‌ಸನ್ 1961ರಲ್ಲಿ ವಿವರಿಸಿದ ಸಿಆರ್‌ಸಿ ವಿಧಾನದಲ್ಲಿ ಇಡೀ ಮಾಹಿತಿಯನ್ನೇ ಒಂದು ದೈತ್ಯ ಸಂಖ್ಯೆಯಂತೆ ಭಾವಿಸಿ, ಗೊತ್ತುಪಡಿಸಿದ ಭಾಜಕದಿಂದ ವಿಶೇಷ ರೀತಿಯಲ್ಲಿ ಭಾಗಿಸಿ, ಉಳಿದ ಶೇಷವನ್ನು ತಾಳೆಗೆ ಇಟ್ಟುಕೊಳ್ಳುತ್ತಾರೆ. ಒಂದೆಡೆ ಗುಂಪಾಗಿ ಬರುವ ತಪ್ಪುಗಳನ್ನು ಹಿಡಿಯುವುದರಲ್ಲಿ ಇದು ಎತ್ತಿದ ಕೈ. ಶೇಷ 16 ಬಿಟ್ ಉದ್ದವಿದ್ದರೆ ಗೊತ್ತುಗುರಿಯಿಲ್ಲದ ತಪ್ಪೊಂದು ತಪ್ಪಿಸಿಕೊಳ್ಳುವ ಸಂಭವ 65,536ರಲ್ಲಿ ಒಂದು. 32 ಬಿಟ್ ಇದ್ದರೆ ಸುಮಾರು 429 ಕೋಟಿಯಲ್ಲಿ ಒಂದು.

ಇಷ್ಟಾದರೆ ಮುಗಿಯಿತಲ್ಲ, ಮಾಹಿತಿಯ ಪಕ್ಕದಲ್ಲಿ ತಾಳೆಮೊತ್ತ ಬರೆದಿಟ್ಟರಾಯಿತು ಎನ್ನುತ್ತೀರಾ? ನಾನೂ ಹಾಗೇ ತಿಳಿದಿದ್ದೆ. ಸ್ವಾರಸ್ಯ ಇರುವುದೇ ಇಲ್ಲಿಂದ ಮುಂದೆ.

ಬ್ಯಾಂಕು, ವಿಮಾನ ಸಂಸ್ಥೆಗಳಂಥ ದೊಡ್ಡ ಗಿರಾಕಿಗಳಿಗೆಂದು ತಯಾರಾಗುವ ಡಿಸ್ಕುಗಳಲ್ಲಿ ಬಹುಕಾಲದಿಂದ ಒಂದು ವಿಶೇಷವಿತ್ತು. ನಮ್ಮ ಮನೆಯ ಡಿಸ್ಕಿನಲ್ಲಿ ಮಾಹಿತಿಯ ಒಂದು ಕೋಣೆ, ಅಂದರೆ ಸೆಕ್ಟರ್, 512 ಬೈಟ್ ಹಿಡಿಯುತ್ತಿತ್ತು. ಈಚಿನವುಗಳಲ್ಲಿ ಅದು 4096 ಬೈಟ್ ಆಗಿದೆ. ದೊಡ್ಡವರ ಡಿಸ್ಕಿನಲ್ಲಿ ಅದೇ ಕೋಣೆಗೆ 520 ಬೈಟ್. ಆ ಹೆಚ್ಚಿನ 8 ಬೈಟು ಗಿರಾಕಿಯ ಮಾಹಿತಿಗಲ್ಲ, ಕಾವಲುಗಾರನಿಗೆ. ಅಂಥ ಎಂಟು ಕೋಣೆ ಸೇರಿಸಿ ಒಂದು ಮನೆ ಮಾಡಿದರೆ 4096 ಬೈಟ್ ಮಾಹಿತಿಗೆ 64 ಬೈಟಿನ ಕಾವಲು. ನೂರಕ್ಕೆ ಒಂದೂವರೆಯಷ್ಟು ಖರ್ಚು. ಓದುವಾಗಲೆಲ್ಲ ಮಾಹಿತಿಯಿಂದ ತಾಳೆಮೊತ್ತ ಹೊಸದಾಗಿ ಲೆಕ್ಕ ಹಾಕಿ, ಬರೆದಿಟ್ಟದ್ದರ ಜೊತೆ ಹೋಲಿಸುತ್ತಾರೆ. ಒಂದಾದರೆ ಸರಿ, ಇಲ್ಲವಾದರೆ ಮಾಹಿತಿಯನ್ನು ಗಿರಾಕಿಗೆ ಕೊಡುವುದೇ ಇಲ್ಲ.

ಈಗ ಅಂಚೆಯ ಉದಾಹರಣೆ ತೆಗೆದುಕೊಳ್ಳಿ. ನೀವು ಮಗನಿಗೆ ಪತ್ರ ಬರೆದು ಕೆಳಗೆ ಸಹಿ ಹಾಕಿದ್ದೀರಿ. ಸಹಿ ನೋಡಿದರೆ ಪತ್ರ ನಿಮ್ಮದೇ ಎಂದು ತಿಳಿಯುತ್ತದೆ. ಆದರೆ ಪತ್ರ 14ನೇ ನಂಬರಿನ ಮನೆಯ ಬದಲು 41ನೇ ಮನೆಗೆ ಹೋಗಿ ಬಿದ್ದರೆ? ಪತ್ರ ಅಪ್ಪಟ, ಸಹಿಯೂ ಅಪ್ಪಟ. ಮನೆ ಮಾತ್ರ ತಪ್ಪು. ಡಿಸ್ಕುಗಳೂ ಅಪರೂಪಕ್ಕೆ ಹೀಗೆ ಮಾಡುತ್ತವೆ. ತಲೆ ಸರಿಯಾದ ಜಾಡಿನ ಮೇಲೆ ನಿಲ್ಲದೆ ಪಕ್ಕದ ಜಾಡಿನಲ್ಲಿ ಬರೆದುಬಿಡುತ್ತದೆ. ಇದರಿಂದ ಎರಡು ಕಡೆ ಹಾನಿ. 41ನೇ ಮನೆಯಲ್ಲಿದ್ದ ಒಳ್ಳೆಯ ಮಾಹಿತಿ ಅಳಿಸಿಹೋಯಿತು; 14ರಲ್ಲಿ ಹಳೆಯದೇ ಉಳಿಯಿತು. ತಾಳೆಮೊತ್ತ ನೋಡಿದರೆ ಎರಡು ಕಡೆಯೂ ‘ಸರಿ’!

ಹಾಗಾಗಿ ಕಾವಲಿನ 8 ಬೈಟುಗಳಲ್ಲಿ ಬರೀ ಸಹಿ ಸಾಲದು, ವಿಳಾಸವೂ ಬೇಕು. ಟಿ-10 ಎಂಬ ಸಮಿತಿ ರೂಪಿಸಿದ ಮಾನಕದಲ್ಲಿ 2 ಬೈಟ್ ತಾಳೆಗೆ, 2 ಬೈಟ್ ಬಳಕೆದಾರ ತಂತ್ರಾಂಶಕ್ಕೆ, 4 ಬೈಟ್ ವಿಳಾಸಕ್ಕೆ ಎಂದು ಹಂಚಿದ್ದಾರೆ. 41ನೇ ಮನೆಯಿಂದ ಓದಿದ ಪತ್ರದ ಮೇಲೆ 14 ಎಂದಿದ್ದರೆ ಕೂಡಲೇ ಗುಟ್ಟು ರಟ್ಟು. ಇನ್ನೂ ಒಂದು ಅನುಕೂಲವಿದೆ. ಈ ಚೀಟಿಯನ್ನು ಡಿಸ್ಕು ಬರೆಯುವುದಲ್ಲ. ಮಾಹಿತಿ ಹೊರಡುವ ಕಂಪ್ಯೂಟರಿನಲ್ಲೇ ಅಂಟಿಸಿ ಕಳಿಸಬಹುದು. ದಾರಿಯ ಪ್ರತಿ ಠಾಣೆಯಲ್ಲೂ ಚೀಟಿ ತಾಳೆ ನೋಡಿ ಮುಂದಕ್ಕೆ ಬಿಡುತ್ತಾರೆ.

14ನೇ ಮನೆಯ ಕತೆ ಏನಾಯಿತು ಎಂದು ಕೇಳುವ ಚುರುಕಿನ ಓದುಗರು ಇದ್ದೇ ಇರುತ್ತಾರೆ. ಅಲ್ಲಿ ಹಳೆಯ ಪತ್ರವಿದೆ. ಸಹಿ ಸರಿ, ವಿಳಾಸವೂ 14 ಎಂದೇ ಇದೆ. ಕಾವಲುಗಾರ ಸಲಾಮು ಹೊಡೆದು ಒಳಗೆ ಬಿಡುತ್ತಾನೆ. ಇನ್ನೂ ಕೆಟ್ಟದ್ದೆಂದರೆ ಡಿಸ್ಕು ‘ಬರೆದೆ’ ಎಂದು ಹೇಳಿ ಏನನ್ನೂ ಬರೆಯದೇ ಇರುವುದು. ಇದಕ್ಕೆ ‘ಕಳೆದುಹೋದ ಬರಹ’ ಎನ್ನುತ್ತಾರೆ. ನಿಮ್ಮ ಖಾತೆಗೆ ಸಾವಿರ ರೂಪಾಯಿ ಜಮಾ ಆದ ದಾಖಲೆ ಎಲ್ಲೂ ಬೀಳಲಿಲ್ಲ. ನಿನ್ನೆಯ ಬಾಕಿ, ನಿನ್ನೆಯ ತಾಳೆಮೊತ್ತದೊಂದಿಗೆ, ಅಚ್ಚುಕಟ್ಟಾಗಿ ಕೂತಿದೆ. ಅದರಲ್ಲಿ ಒಂದಂಕಿಯೂ ಕೆಟ್ಟಿಲ್ಲ. ಹಳತಾಗಿದೆ, ಅಷ್ಟೆ.

ಈ ಗಂಟನ್ನು ಅಂದವಾಗಿ ಬಿಡಿಸಿದವರು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿದ್ದ ಜೆಫ್ ಬಾನ್‌ವಿಕ್ ಮತ್ತು ಮ್ಯಾಥ್ಯೂ ಆರೆನ್ಸ್. 2001ರಲ್ಲಿ ಕೆಲಸ ಆರಂಭಿಸಿ 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಅವರ ಜ಼ಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ ತಾಳೆಮೊತ್ತ ಮಾಹಿತಿಯ ಪಕ್ಕದಲ್ಲಿ ಇರುವುದೇ ಇಲ್ಲ. ಒಂದು ಮನೆಯ ತಾಳೆಮೊತ್ತ ಆ ಮನೆಗೆ ದಾರಿ ತೋರಿಸುವ ಮೇಲಿನ ಮನೆಯಲ್ಲಿರುತ್ತದೆ. ಮಕ್ಕಳ ಅಂಕಪಟ್ಟಿ ಮಕ್ಕಳ ಕೈಯಲ್ಲಲ್ಲ, ಅಪ್ಪನ ಕಿಸೆಯಲ್ಲಿ ಎಂದ ಹಾಗೆ. ಅಪ್ಪನ ಲೆಕ್ಕ ಅಜ್ಜನ ಹತ್ತಿರ, ಅಜ್ಜನದು ಮುತ್ತಜ್ಜನ ಹತ್ತಿರ, ಹೀಗೆ ಮೂಲಪುರುಷನವರೆಗೆ. ಡಿಸ್ಕು ಬರೆಯದೆ ಬಿಟ್ಟಿದ್ದರೆ ಮನೆಯೊಳಗಿನ ಹಳೆಯ ಮಾಹಿತಿಗೂ ಅಪ್ಪನ ಬಳಿಯ ಹೊಸ ತಾಳೆಮೊತ್ತಕ್ಕೂ ಹೊಂದಾಣಿಕೆಯಾಗುವುದಿಲ್ಲ. ಬೇರೆ ಮನೆಗೆ ಬರೆದಿದ್ದರೂ ಅಷ್ಟೇ. ಇಂಥ ತಾಳೆಯ ವಂಶವೃಕ್ಷದ ಕಲ್ಪನೆ ರಾಲ್ಫ್ ಮರ್ಕಲ್ ಎಂಬುವರದು, 1970ರ ದಶಕದ್ದು. ಜ಼ಡ್‌ಎಫ್‌ಎಸ್ ಮಾಮೂಲಿಯಾಗಿ ಬಳಸುವ ಲೆಕ್ಕ ಯಾವುದು ಗೊತ್ತೇ? ನಾವು ಆಗಲೇ ಅಂಕಪಟ್ಟಿಯಲ್ಲಿ ಮಾಡಿದೆವಲ್ಲ, ಅದೇ ಫ್ಲೆಚರ್. ಎರಡರ ಬದಲು ನಾಲ್ಕು ಮೊತ್ತ ಇಡುತ್ತಾರೆ, ಅಷ್ಟೇ ವ್ಯತ್ಯಾಸ.

ಇಷ್ಟೆಲ್ಲ ಗಡಿಬಿಡಿ ಯಾವುದೋ ಲಕ್ಷಕ್ಕೊಂದು ಸಂಗತಿಗೆ ಬೇಕೇ ಎಂದು ಕೇಳಬಹುದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲಕ್ಷ್ಮಿ ಬೈರವಸುಂದರಂ ಮತ್ತು ಸಂಗಡಿಗರು ನೆಟ್‌ಆಪ್ ಕಂಪನಿಯ ಯಂತ್ರಗಳಲ್ಲಿದ್ದ 15.3 ಲಕ್ಷ ಡಿಸ್ಕುಗಳ 41 ತಿಂಗಳ ದಾಖಲೆ ಪರಿಶೀಲಿಸಿ 2008ರಲ್ಲಿ ವರದಿ ಕೊಟ್ಟರು. ತಾಳೆ ತಪ್ಪಿದ ಪ್ರಸಂಗಗಳು 4 ಲಕ್ಷಕ್ಕೂ ಹೆಚ್ಚು! ಮೊದಲ ಹದಿನೇಳು ತಿಂಗಳಲ್ಲಿ, ಮನೆಬಳಕೆಯವುಗಳ ಜಾತಿಗೆ ಸೇರಿದ ಅಗ್ಗದ ಡಿಸ್ಕುಗಳಲ್ಲಿ ನೂರಕ್ಕೆ 0.66ರಷ್ಟು, ದುಬಾರಿ ಡಿಸ್ಕುಗಳಲ್ಲಿ 0.06ರಷ್ಟು ಇಂಥ ತಪ್ಪು ತೋರಿಸಿದ್ದವು. ಹೆಚ್ಚು ದುಡ್ಡು ಕೊಟ್ಟದ್ದಕ್ಕೆ ಹತ್ತು ಪಟ್ಟು ಒಳ್ಳೆಯ ಗುಣ ಸಿಕ್ಕಿತು ಎನ್ನಬಹುದು. ಆದರೆ ಸೊನ್ನೆಯಂತೂ ಸಿಗಲಿಲ್ಲ. ತಪ್ಪುಗಳು ಎಲ್ಲ ಡಿಸ್ಕುಗಳಲ್ಲೂ ಸಮನಾಗಿ ಹಂಚಿಹೋಗಿರಲಿಲ್ಲ. ಒಮ್ಮೆ ಸುಳ್ಳು ಹೇಳಿದ ಡಿಸ್ಕು ಮತ್ತೆ ಹೇಳುವ ಸಂಭವ ಹೆಚ್ಚು. ಜಿನೀವಾದ ಸರ್ನ್ ಪ್ರಯೋಗಾಲಯದವರೂ 2007ರಲ್ಲಿ ತಮ್ಮ 33,700 ಕಡತಗಳನ್ನು ತಾಳೆ ನೋಡಿದಾಗ 22 ಕೆಟ್ಟಿದ್ದವು. ಸುಮಾರು 1500ಕ್ಕೆ ಒಂದು.

ತಾಳೆಮೊತ್ತಕ್ಕೆ ತಪ್ಪು ಹಿಡಿಯುವುದು ಗೊತ್ತು, ತಿದ್ದುವುದು ಗೊತ್ತಿಲ್ಲ. ತಿದ್ದಲು ಮಾಹಿತಿಯ ಇನ್ನೊಂದು ಪ್ರತಿ ಬೇಕು, ಅಥವಾ ಪ್ರತಿಯನ್ನು ಮತ್ತೆ ಹುಟ್ಟಿಸುವ ಉಪಾಯ ಬೇಕು. ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರಲ್ಲಿ ಮಂಡಿಸಿದ ‘ರೇಯ್ಡ್’ ಅಂಥ ಉಪಾಯ. ಅಸಲಿಗೆ ಅದು ಬಿಟ್‌ಗಳ ಲೆಕ್ಕ. ತಿಳಿಯಲೆಂದು ಕೂಡುವ ಲೆಕ್ಕವಾಗಿ ಹೇಳುತ್ತೇನೆ. ಒಂದು ಡಿಸ್ಕಿನಲ್ಲಿ 40, ಎರಡನೆಯದರಲ್ಲಿ 25, ಮೂರನೆಯದರಲ್ಲಿ ಅವೆರಡರ ಮೊತ್ತ 65. ಯಾವುದೇ ಒಂದು ಸತ್ತರೂ ಉಳಿದೆರಡರಿಂದ ಅದನ್ನು ಮರಳಿ ಪಡೆಯಬಹುದು. ಸೊಗಸಾಗಿದೆ. ಆದರೆ ಯಾವುದೂ ಸಾಯದೆ, ಮೊದಲನೆಯದು 45 ಎಂದು ಸುಳ್ಳು ಹೇಳಿದರೆ? 45ಕ್ಕೆ 25 ಸೇರಿಸಿದರೆ 70. ಮೂರನೆಯದು 65 ಎನ್ನುತ್ತಿದೆ. ಯಾರೋ ಸುಳ್ಳು ಹೇಳುತ್ತಿದ್ದಾರೆ. ಯಾರು? ಮೊದಲನೆಯದು 45ರ ಬದಲು 40 ಇರಬಹುದು, ಎರಡನೆಯದು 25ರ ಬದಲು 20 ಇರಬಹುದು, ಮೊತ್ತವೇ 70 ಆಗಬೇಕಿದ್ದಿರಬಹುದು. ಮೂವರು ಆರೋಪಿಗಳು, ಸಾಕ್ಷಿ ಇಲ್ಲ. ಪ್ರತಿಯೊಂದಕ್ಕೂ ತಾಳೆಮೊತ್ತವಿದ್ದರೆ ಮಾತ್ರ ಮೊದಲನೆಯದೇ ಕಳ್ಳನೆಂದು ಬೊಟ್ಟು ಮಾಡಿ, ಅದರ ಮಾತನ್ನು ತಳ್ಳಿಹಾಕಿ, 65ರಿಂದ 25 ಕಳೆದು 40ನ್ನು ಮತ್ತೆ ಬರೆಯಲು ಸಾಧ್ಯ. ಎರಡೂ ವಿದ್ಯೆ ಜೊತೆಯಾದಾಗಲೇ ರಕ್ಷಣೆ.

ಅದೂ ಸಮಯಕ್ಕೆ ಸರಿಯಾಗಿ ಆಗಬೇಕು. ವರ್ಷಗಟ್ಟಲೆ ಯಾರೂ ತೆರೆಯದ ಕಡತದ ತಪ್ಪು ಹೊರಬೀಳುವುದು ಇನ್ನೊಂದು ಡಿಸ್ಕು ಸತ್ತು ಇದರ ಸಹಾಯ ಬೇಕಾದಾಗ. ಆಗ ಇದೂ ಕೆಟ್ಟಿದೆ ಎಂದು ಗೊತ್ತಾದರೆ ಮಾಡುವುದೇನು? ವಿಸ್ಕಾನ್ಸಿನ್ ಮಂದಿಗೆ ಕಂಡ ತಪ್ಪುಗಳಲ್ಲಿ ನೂರಕ್ಕೆ ಎಂಟರಷ್ಟು ಬೆಳಕಿಗೆ ಬಂದದ್ದು ಇಂಥ ಇಕ್ಕಟ್ಟಿನ ಗಳಿಗೆಯಲ್ಲೇ. ಅದಕ್ಕೇ ದೊಡ್ಡ ಯಂತ್ರಗಳಲ್ಲಿ ಕೆಲಸ ಕಡಿಮೆಯಿರುವ ಹೊತ್ತಿನಲ್ಲಿ, ಯಾರೂ ಕೇಳದಿದ್ದರೂ, ಪ್ರತಿಯೊಂದು ಮನೆಯನ್ನೂ ಓದಿ ತಾಳೆ ನೋಡುವ ಏರ್ಪಾಡು ಇರುತ್ತದೆ. ತಿಕ್ಕಿ ತೊಳೆಯುವುದು ಎಂಬರ್ಥದ ಹೆಸರು ಅದಕ್ಕೆ. ವರ್ಷಕ್ಕೊಮ್ಮೆ ಅಟ್ಟದಿಂದ ತಾಳೆಗರಿ ಕಟ್ಟುಗಳನ್ನು ಇಳಿಸಿ, ಎಣ್ಣೆ ಸವರಿ, ಹುಳು ಹಿಡಿದಿದೆಯೇ ಎಂದು ನೋಡುತ್ತಿದ್ದ ನಮ್ಮ ಹಿರಿಯರಿಗೆ ಈ ಕೆಲಸ ಯಾರೂ ವಿವರಿಸಬೇಕಿರಲಿಲ್ಲ.

ಕಾವಲಿನಲ್ಲಿ ಒಂದು ಬಾಗಿಲು ಮರೆತರೂ ಸಾಕು. 2008ರ ಜುಲೈ 20ರಂದು ಅಮೆಜಾನ್ ಕಂಪನಿಯ ಎಸ್-3 ಎಂಬ ಮಾಹಿತಿ ಉಗ್ರಾಣ ಗಂಟೆಗಟ್ಟಲೆ ಸ್ತಬ್ಧವಾಯಿತು. ಗಿರಾಕಿಗಳು ಇಟ್ಟ ಪ್ರತಿ ಕಡತಕ್ಕೂ ಅಲ್ಲಿ ತಾಳೆಮೊತ್ತವಿತ್ತು. ಆದರೆ ಉಗ್ರಾಣದ ಯಂತ್ರಗಳು ‘ನಾನು ಆರಾಮ, ಅವನು ಹೇಗಿದ್ದಾನೆ’ ಎಂದು ಒಂದಕ್ಕೊಂದು ಕಳಿಸಿಕೊಳ್ಳುವ ಸುದ್ದಿಗಳ ಪೈಕಿ ಒಂದು ಬಗೆಯದಕ್ಕೆ ತಾಳೆ ನೋಡುವ ಕ್ರಮ ಇರಲಿಲ್ಲ. ಬೆರಳೆಣಿಕೆಯ ಸುದ್ದಿಗಳಲ್ಲಿ ತಲಾ ಒಂದು ಬಿಟ್ ಕೆಟ್ಟಿತು. ಕೆಟ್ಟರೂ ಓದಲು ಬರುವಂತಿತ್ತು, ಅದೇ ಗ್ರಹಚಾರ. ಸುಳ್ಳು ಸುದ್ದಿ ಯಂತ್ರದಿಂದ ಯಂತ್ರಕ್ಕೆ ಹಬ್ಬಿ, ಎಲ್ಲವೂ ಗಾಳಿಸುದ್ದಿಯ ವಿಚಾರಣೆಯಲ್ಲೇ ಮುಳುಗಿಹೋದವು. ಕೊನೆಗೆ ಎಲ್ಲವನ್ನೂ ನಿಲ್ಲಿಸಿ, ಸುದ್ದಿಗಳನ್ನು ಅಳಿಸಿ, ಮೊದಲಿಂದ ಶುರು ಮಾಡಬೇಕಾಯಿತು. ಕಂಪನಿ ಇದನ್ನು ಮುಚ್ಚಿಡದೆ ಬಹಿರಂಗವಾಗಿ ಬರೆದುಕೊಂಡಿತು ಎಂಬುದು ಮೆಚ್ಚುವ ಸಂಗತಿ.

ಒಂದು ಎಚ್ಚರಿಕೆ. ಈವರೆಗೆ ಹೇಳಿದ ಲೆಕ್ಕಗಳೆಲ್ಲ ಆಕಸ್ಮಿಕ ತಪ್ಪಿಗೆ. ಬೇಕೆಂದೇ ಮಾಹಿತಿ ತಿದ್ದುವ ಖದೀಮನಿಗೆ ತಾಳೆಮೊತ್ತವನ್ನೂ ಹೊಂದಿಸಿ ತಿದ್ದುವುದು ಕಷ್ಟವಲ್ಲ. ಅವನಿಗಾಗಿ ಬೇರೆ, ಜಟಿಲ ಸೂತ್ರಗಳಿವೆ. ಅವುಗಳಲ್ಲಿ ಬಹಳ ಹೆಸರಾಗಿದ್ದ ಎಂಡಿ-5 ಎಂಬುದನ್ನು 2004ರಲ್ಲಿ ಚೀನಾದ ಶಿಯಾವ್‌ಯುನ್ ವಾಂಗ್ ಎಂಬ ಗಣಿತಜ್ಞೆ ಮತ್ತು ಸಂಗಡಿಗರು ಮುರಿದು ತೋರಿಸಿದರು. ಈಗ ಎಸ್‌ಎಚ್‌ಎ-256 ಚಾಲ್ತಿಯಲ್ಲಿದೆ. ಕಡತ ಎಷ್ಟೇ ದೊಡ್ಡದಿರಲಿ, ಅದು ಕೊಡುವ ತಾಳೆ 256 ಬಿಟ್, ಬರೆದರೆ 64 ಅಕ್ಷರ. ಒಂದು ಚುಕ್ಕೆ ಬದಲಾದರೂ ಆ 64ರ ರೂಪವೇ ಬೇರೆ.

ಮನೆಯ ಕಂಪ್ಯೂಟರುಗಳ ವಿಷಯ ಹೇಳಬೇಕಾದರೆ, ಅವುಗಳಲ್ಲಿ ಬಹುಪಾಲು ಇಂದಿಗೂ ನಮ್ಮ ಕಡತಗಳೊಳಗಿನ ಮಾಹಿತಿಗೆ ತಾಳೆಮೊತ್ತ ಇಡುವುದಿಲ್ಲ. ಇಡುವ ವ್ಯವಸ್ಥೆಗಳು ಬಿಟ್ಟಿಯಾಗಿ ಸಿಗುತ್ತವೆ, ಆದರೆ ನಾವೇ ಹುಡುಕಿ ಹಾಕಿಕೊಳ್ಳಬೇಕು. ಗ್ರಾಹಕರು ಕೇಳುವುದು ಎಷ್ಟು ಜಾಗ, ಎಷ್ಟು ವೇಗ, ಎಷ್ಟು ಬೆಲೆ ಎಂದು ಮಾತ್ರ. ಇಟ್ಟದ್ದನ್ನೇ ಕೊಡುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿದರೆ ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ನಾನು ಕೇಳಿ ನೋಡಿದ್ದೇನೆ.

ಅಜ್ಜಿಯ ಫೋಟೊ? ಅಸಲು ಚಿತ್ರ ತೀರ್ಥಹಳ್ಳಿಯಲ್ಲಿರುವ ಚಿಕ್ಕಮ್ಮನ ಮನೆಯ ಗೋಡೆಯ ಮೇಲೆ, ಕಟ್ಟು ಸ್ವಲ್ಪ ಗೆದ್ದಲು ಹಿಡಿದರೂ, ಮುಖ ಪೂರ್ತಿಯಾಗಿಯೇ ಸಿಕ್ಕಿತು. ಅಣ್ಣನ ಮಗ ಮತ್ತೆ ಸ್ಕ್ಯಾನ್ ಮಾಡಿದ. ಈ ಸಲ ಅದರ 64 ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದು ಕಟ್ಟಿನ ಹಿಂದೆ ಅಂಟಿಸಿದ್ದಾನೆ. ಗೋಡೆಗೆ ಮತ್ತೆ ನೇತುಹಾಕುವಾಗ ಚಿಕ್ಕಮ್ಮ, ಇದೇನು ಮಂತ್ರವೋ ಎಂದು ಕೇಳಿದರಂತೆ.